ಕೋಲಿಗೆ ತಾಗಿದ್ದು

ನನ್ನ ಮಾವ ಇಷೆ ತುಂಡುಪ್ ಈ ಊರಿನ ಚುರ್ಪೊನ್. ಹಿಮ ಕರಗಿದ ನೀರು ಯಾವತ್ತು ಯಾರ ಹೊಲಕ್ಕೆ ಎಂದು ಹೇಳುವವರು. ಮೂವತ್ತೊಂದು ವರ್ಷದಲ್ಲಿ ಅವರ ಮಾತು ತಪ್ಪಿದ್ದಿಲ್ಲ. ಜಮ್ಮುವಿನಲ್ಲಿ ಓದಿ ಸೊಸೆಯಾಗಿ ಬಂದ ನನಗೆ ಎಲ್ಲದಕ್ಕೂ ಭಯ. ಅವರಿಗೆ ಯಾವುದಕ್ಕೂ ಇಲ್ಲ ಅಂದುಕೊಂಡಿದ್ದೆ.

ಈ ಸಲ ಜವೆಗೋಧಿ ಬೆರಳುದ್ದ ಎದ್ದಿತ್ತು. ಮಾವ ಬೆಟ್ಟದ ಮೇಲೆ ಹತ್ತಿ, ಗೆರೆ ಕೊರೆದ ಕೋಲನ್ನು ಹಿಮದಲ್ಲಿ ತೂರಿ, ಅಡಿಯ ಮಂಜುಗಡ್ಡೆ ತಾಗುವ ತನಕ ಅಳೆದು ಬಂದರು. ಕರಗಿದ ನೀರನ್ನು ಹಿಮ ಮೊದಲು ತಾನು ಕುಡಿಯುತ್ತದೆ, ತಳದ ತನಕ ತೊಯ್ದ ಮೇಲೆಯೇ ನಮಗೆ ಬಿಡುತ್ತದೆ. ಆ ಲೆಕ್ಕದಲ್ಲಿ "ಹುಣ್ಣಿಮೆಗೆ ನೀರು" ಎಂದರು.

ಹುಣ್ಣಿಮೆ ಕಳೆದು ಮೂರು ದಿನವಾದರೂ ಕಾಲುವೆ ಒಣಗಿಯೇ ಇತ್ತು. ಪೈರಿನ ತುದಿ ಹಳದಿಯಾಯಿತು.

"ಏನು ಚುರ್ಪೊನ್‌ಲೆ, ನೀರನ್ನೆಲ್ಲ ಚಹಾ ಕಾಯಿಸ್ಕೊಂಡು ಕುಡಿದ್ರಾ?" ಪಕ್ಕದ ಮನೆಯ ಯಾಂಗ್ಡೋಲ್ ಅಜ್ಜಿ ಮರ್ಯಾದೆಯ 'ಲೆ' ಹಚ್ಚಿಯೇ ಕೇಳಿದಳು. "ನಾಳೆ ಪೈರನ್ನೇ ಉತ್ತುಬಿಡ್ತೀವಿ. ಆಮೇಲೆ ನೀರು ಬಂದ್ರೆ ಮೇವಿಗೆ ಬಟಾಣಿನಾದ್ರೂ ಆಗುತ್ತೆ."

ಉತ್ತರೆ ವರ್ಷದ ಹುರಿಹಿಟ್ಟು ಹೋದಂತೆ. ಮಾವ ಒಳಗೆ ಬಂದು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು. ಮಗುವಿಗೆ ಶೀತವಾದೀತೆಂದು ನಾನು ನಾಲ್ಕು ಮಡಿಕೆ ಬಟ್ಟೆ ಸುತ್ತಿ, ನಡುವೆ ದಪ್ಪ ಉಣ್ಣೆಯ ತುಂಡು ಇಟ್ಟಿದ್ದೆ. ಬಟ್ಟೆ ಬದಲಿಸಲು ಬಿಚ್ಚಿದಾಗ ಅವರು ಕೈ ಹಾಕಿ ನೋಡಿದರು.

"ನಿಲ್ಜಾ, ಮೇಲೆಲ್ಲ ತೊಪ್ಪೆ ಆಗಿದೆ. ಅಡಿಗೆ ಯಾಕೆ ಇಳಿದಿಲ್ಲ?"

"ಉಣ್ಣೆ ತಡೆದಿದೆ ಅಬಾಲೆ. ನಿಧಾನಕ್ಕೆ ಇಳಿಯುತ್ತೆ."

ಅವರು ಆ ಉಣ್ಣೆಯ ತುಂಡನ್ನು ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ಮೆಲ್ಲಗೆ, "ಕೋಲಿಗೆ ತಾಗಿದ್ದು ತಳ ಅಲ್ಲಮ್ಮ. ನಡುಚಳಿಯಲ್ಲಿ ಎರಡು ದಿನ ಬಿಸಿಲು ಬಿತ್ತಲ್ಲ, ಆಗ ಕರಗಿ ಮತ್ತೆ ಹೆಪ್ಪುಗಟ್ಟಿದ ಪದರ ಅದು," ಎಂದರು.

ಬೆಳಗಾಗುತ್ತಲೇ ಕಬ್ಬಿಣದ ಸಲಾಕೆ ಹಿಡಿದು ಹತ್ತಿದರು. ಪದರ ಒಡೆದು ನೋಡಿದರೆ ಕೆಳಗೆ ಇನ್ನೂ ಐದು ಗೇಣು ಒಣಹಿಮ. ಇಳಿದುಬಂದವರೇ ಉಳುಮೆಗೆ ಹೊರಟಿದ್ದವರ ಮುಂದೆ ನಿಂತು, "ತಪ್ಪು ನಂದು. ಕೂಸಿನ ಬಟ್ಟೆ ನೋಡಿ ಗೊತ್ತಾಯ್ತು, ಅಡಿಯ ಹಿಮ ಇನ್ನೂ ತೊಯ್ದಿಲ್ಲ. ನಾಲ್ಕು ದಿನ ಕೊಡಿ," ಎಂದರು.

"ಕೂಸಿನ ಬಟ್ಟೆ ನೋಡಿ ನೀರು ಹೇಳೋರನ್ನ ಇವತ್ತೇ ಕಂಡಿದ್ದು," ಎಂದು ಗೊಣಗುತ್ತ ಯಾಂಗ್ಡೋಲ್ ಅಜ್ಜಿ ನೇಗಿಲು ಒಳಗಿಡಿಸಿದಳು.

ಆ ನಾಲ್ಕು ದಿನ ನಾನು ಮಣ್ಣಿನಲ್ಲಿ ಬೆರಳು ಊರಿ ಊರಿ ನೋಡಿದೆ. ನಾಲ್ಕನೆಯ ಮಧ್ಯಾಹ್ನ ಕಾಲುವೆಯಲ್ಲಿ ಕಸಕಡ್ಡಿ ನೂಕಿಕೊಂಡು ಕೆಂಪು ನೀರು ಬಂತು. ಪೈರಿನ ಬೇರು ಇನ್ನೂ ಹಸಿಯಾಗಿತ್ತು.

"ಚುರ್ಪೊನ್‌ಲೆ, ಇನ್ಮೇಲೆ ಕೂಸಿನ ಬಟ್ಟೆ ಒಗೆಯೋದೂ ನಿಮ್ಮ ಕೆಲಸನೇ," ಅಜ್ಜಿ ನಕ್ಕಳು.

ಮಾವ ದಂಡೆಯ ಮೇಲೆ ಕೂತರು. ನಾನು ಕೊಟ್ಟ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

"ನಾಲ್ಕು ದಿನದಿಂದ ಊಟ ಸೇರಿಲ್ಲ ಕಣಮ್ಮ," ಎಂದರು.

"ನನಗೂ," ಎಂದೆ. ಇಬ್ಬರೂ ಹುರಿಹಿಟ್ಟು ಕಲಸಿಕೊಂಡು ಅಲ್ಲೇ ಉಂಡೆವು.