ಕೈ ಎತ್ತದ ಹುಡುಗಿ

ನಾ ಸಂಶಯದ ಹೆಣ್ಣಮಗಳು, ಮೊದಲ ಹೇಳಿಬಿಡತೇನಿ. ಸಂತ್ಯಾಗ ತಕ್ಕಡಿ ತಳಾ ಬಗ್ಗಿ ನೋಡಾಕಿ. ಯಾರರ ನಗನಗತಾ ಮಾತಾಡಿಸಿದ್ರ, ಇವರಿಗೆ ನನ್ನಿಂದ ಏನ ಬೇಕಾಗೇತಿ ಅಂತ ವಿಚಾರ ಮಾಡಾಕಿ. ಸವದತ್ತ್ಯಾಗ ಹೈಸ್ಕೂಲ ಹುಡುಗ್ಯಾರಿಗೆ ಕಬಡ್ಡಿ ಕಲಿಸ್ಕೋಂತ ರಿಟೈರ್ ಆದ್ನಿ, ಈ ಚಾಳಿ ಮಾತ್ರ ರಿಟೈರ್ ಆಗಲಿಲ್ಲ.

ಹೋದ ವರ್ಷ ನನ್ನನ್ನ ಒಂದು ಕಮಿಟಿಗೆ ಕರದ್ರು. ದೇಶದಾಗ ಕಾಲೇಜ ಕಬಡ್ಡಿ ಆಡೋ ಹುಡುಗ್ಯಾರೊಳಗ ಚಲೋ ಡಿಫೆಂಡರ್‌ಗೆ ಒಂದು ಪ್ರಶಸ್ತಿ ಕೊಡತಾರ. ಡಿಫೆಂಡರ್ ಅಂದ್ರ ರೇಡಿಗೆ ಬಂದಾಕಿನ್ನ ಹಿಡದು ಕೆಡವಾಕಿ. ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ, ನಾಲ್ಕೂ ಕಡಿಂದ ಕೂಡಿ ಒಂದ ಹೆಸರು ಕಳಸಬೇಕು. ಆರಸೋರು ಮೂರ ಮಂದಿ: ಆಟ ಕಲಿಸೋ ಬೈಲಹೊಂಗಲದ ಸರ, ಕಿತ್ತೂರಿನ ಸರ, ಮತ್ತ ನಾನು.

ನನ್ನ ಮನಸಿನ್ಯಾಗ ಇದ್ದಾಕಿ ರಾಮದುರ್ಗದ ಹುಡುಗಿ. ಕಮಿಟಿಗೆ ಕರದ ಮ್ಯಾಲೆ ಮುರಗೋಡದಾಗ ಆಕಿ ಆಟ ಗೆರಿ ಪಕ್ಕದಾಗ ಕುಂತು ನೋಡಿದ್ನಿ. ಎಡಗಡೆ ಮೂಲ್ಯಾಗ ನಿಂದರತಿದ್ಲು. ರೇಡರ್ ಕಾಲು ಚಾಚಿದ್ಲಂದ್ರ ಮುಗೀತು, ಹಿಮ್ಮಡ ಈಕಿ ಕೈಯಾಗ ಸಿಕ್ಕಿಬಿಡತಿತ್ತು. ಮ್ಯಾಚ್ ಮುಗದ ಮ್ಯಾಲೆ ಬಸ್ ಸ್ಟ್ಯಾಂಡದಾಗ ಚಾ ಕುಡಿಸಿ ಮಾತಾಡಿಸಿದ್ನಿ. ಡಿಗ್ರಿ ಕಡೇ ವರ್ಷ. “ಅಪ್ಪ ಹೇಳ್ಯಾನ್ರಿ ಅಕ್ಕಾರ, ಪ್ರಶಸ್ತಿಗೆ ನಿನ್ನ ಹೆಸರ ಹೋದ್ರ ಎಂ.ಎ.ಕ್ಕ ಹಚ್ಚತೇನಿ, ಆಡು ಅಂತ. ಇಲ್ಲಂದ್ರ ಲಗ್ನ,” ಅಂದ್ಲು. ಈಕಿ ಹೆಸರನ ಕಳಸೂದು ಅಂತ ಅವತ್ತ ಗಟ್ಟಿ ಮಾಡಿದ್ನಿ.

ಮೀಟಿಂಗ್ ಬೈಲಹೊಂಗಲದಾಗ. ಹೋಗೂದ್ರಾಗ ಟೇಬಲ್ ಮ್ಯಾಲೆ ಗಿರಮಿಟ್, ಮಿರ್ಚಿ ಭಜಿ. ಇಷ್ಟ ಉಪಚಾರ ಯಾಕ ಅಂತ ಆವಾಗ ತಲಿ ಕಡ್ಯಾಕ ಹತ್ತಿತು. ಬೈಲಹೊಂಗಲದ ಸರ ಈ ವರ್ಷದ ಪಾಯಿಂಟ ಕೂಡಿಸಿದ ಒಂದು ಪಟ್ಟಿ ಮುಂದಿಟ್ರು. ಎಲ್ಲಾರಕಿಂತ ಮ್ಯಾಲೆ ಅವರ ಊರಿನ ಕಾಲೇಜಿನ ಹುಡುಗಿ. ರಾಮದುರ್ಗದಾಕಿ ನಾಲ್ಕನೇದಾಕಿ.

“ಅಲ್ರಿ ಸರ, ಭಜಿ ಯಾರ ಕಡಿಂದ್ರಿ? ಆ ಹುಡುಗಿ ಮನಿಯವರ ಕಡಿಂದೇನ್ರಿ?” ಅಂದ್ನಿ.

ಸರ ಮಾರಿ ಕೆಂಪಾತು. ಕಿತ್ತೂರಿನ ಸರ ನಕ್ಕು, “ಅಕ್ಕಾರ, ನಿಮ್ಮ ಕಣ್ಣಿಗೆ ದೇವರೂ ಕಳ್ಳನ ಬಿಡ್ರಿ,” ಅಂದ್ರು. ಓಹೋ, ಇವರೂ ಅವರ ಕಡೇನ ಅಂದಕೊಂಡ್ನಿ. “ಎಲ್ಲಾ ಮ್ಯಾಚಿನ ಸ್ಕೋರ್ ಹಾಳಿ ತರಸ್ರಿ, ಆಮ್ಯಾಲೆ ಮಾತು,” ಅಂತ ಪಟ್ಟು ಹಿಡದ್ನಿ.

ನಮ್ಮ ಕಡೆ ಒಂದು ರೂಢಿ ಐತಿ. ಒಬ್ಬ ರೇಡರ್ ಮ್ಯಾಲೆ ನಾಲ್ಕೈದು ಮಂದಿ ಬೀಳತಾರ, ಮಣ್ಣ ಏಳತೈತಿ, ಮೊದಲ ಹಿಡದಾಕಿ ಯಾರಂತ ಟೇಬಲಿಗೆ ಕಾಣಂಗಿಲ್ಲ. ಹಿಂಗಾಗಿ ಹಿಡದಾಕಿ ಎದ್ದು ಕೈ ಎತ್ತಬೇಕು. ಯಾರ ಕೈ ಮ್ಯಾಲೆ, ಅವರ ನಂಬರಿಗೆ ಪಾಯಿಂಟು. ರಾಮದುರ್ಗದಾಕಿ ಎಲ್ಲಾರ ಕೆಳಗಿಂದ ಎದ್ದು, ಮಣ್ಣ ಝಾಡಿಸಿ, ಸುಮ್ಮನ ತನ್ನ ಮೂಲಿಗೆ ಹೋಗತಿದ್ಲು. ಮ್ಯಾಲೆ ಬಿದ್ದಾಕಿ ಕೈ ಎತ್ತತಿದ್ಲು. ಯಾಕವ್ವಾ ಹಿಂಗ ಅಂತ ಚಾ ಕುಡಿಯೋವಾಗ ಕೇಳಿದ್ದಕ್ಕ, “ಹಿಡದಾಕಿ ಯಾರಂತ ಸಿಕ್ಕಾಕಿಗೆ ಗೊತ್ತಿರತೈತಲ್ರಿ,” ಅಂದಿದ್ಲು. ಅಂದ್ರೂ ಕಣ್ಣಿದ್ದಾವ ಬರದ್ರ ಇಷ್ಟ ಕಡಿಮಿ ಆಗಬಾರದು, ಬೇಕಂತನ ಬಿಟ್ಟಾರ ಅಂತ ನನ್ನ ಅನುಮಾನ.

ಮುಂದಿನ ವಾರ ಹಾಳಿ ಬಂದುವು. ಸವದತ್ತ್ಯಾಗ ಆಡಿದ ಮ್ಯಾಚಿಂದು ತಗದು ನೋಡಿದ್ರ, ಇಡೀ ಆಟದಾಗ ಆಕಿ ನಂಬರ ಮುಂದ ಒಂದ ಪಾಯಿಂಟು. ಒಂದ! ನೆತ್ತಿಗೇರಿತು ಸಿಟ್ಟು.

“ಇದನ್ನ ಬರದ ಮಾರಾಯ ಯಾರ್ರಿ? ಕಣ್ಣ ಇದ್ದಿಲ್ಲೇನ ಅವಂಗ? ಇಲ್ಲಾ ಯಾರರ ಕಿವಿ ಊದಿದ್ರೇನ?” ಅಂತ ಟೇಬಲ್ ಕುಟ್ಟಿದ್ನಿ.

ಬೈಲಹೊಂಗಲದ ಸರ ಹಾಳಿ ತಿರಿವಿ ಕೆಳಗಿನ ಸಹಿ ಮ್ಯಾಲೆ ಬೆರಳ ಇಟ್ರು. ನನ್ನ ಸಹಿ.

ಯವ್ವಾ! ಅವತ್ತ ಬರಿಯಾವ ಬಂದಿರಲಿಲ್ಲ, ನಾನ ಟೇಬಲಿಗೆ ಕುಂತಿದ್ನಿ. ಮರತಬಿಟ್ಟಿದ್ನಿ. ಆ ಹುಡುಗಿ ಮಾರಿ ಸುದ್ದಾ ನೋಡಿರಲಿಲ್ಲ, ಎತ್ತಿದ ಕೈ ಅಷ್ಟ ನೋಡಿ ಬರಕೋಂತ ಹೋಗಿದ್ನಿ. ತನ್ನ ಬೆನ್ನು ತನಗ ಕಾಣಂಗಿಲ್ಲ ಅಂತಾರಲ್ಲ, ಅದು ನನಗ ಹೇಳಿದ ಮಾತು.

ನಾಚಿಕಿ ನುಂಗಿ, “ಹಾಳಿ ತಪ್ಪೈತ್ರಿ. ಹಂಗಂತ ಬರದ ಕೊಡತೇನಿ, ಆಕಿ ಹೆಸರ ಕಳಸೋಣು,” ಅಂದ್ನಿ.

“ಅವತ್ತ ಖರೇ ಎಷ್ಟ ಹಿಡದಿದ್ಲ್ರಿ ಅಕ್ಕಾರ?” ಕಿತ್ತೂರಿನ ಸರ ಕೇಳಿದ್ರು.

ನನಗೇನ ಗೊತ್ತು?

“ಅಲ್ರಿ, ಆ ಹುಡುಗಿ ನಿಮಗ ಏನಾಗಬೇಕ್ರಿ?” ಬೈಲಹೊಂಗಲದ ಸರ ಮೆಲ್ಲಕ ಅಂದ್ರು. “ಮುರಗೋಡ ಬಸ್ ಸ್ಟ್ಯಾಂಡದಾಗ ಇಬ್ರೂ ಚಾ ಕುಡಿಯೋದು ಮಂದಿ ನೋಡ್ಯಾರ.”

ಭಜಿ ಯಾರ ಕಡಿಂದ ಅಂತ ಕೇಳಿದಾಕಿ ನಾನ. ಚಾ ಯಾರ ಕಡಿಂದ ಅಂತ ಅವರು ಕೇಳಿದ್ರ ಸಿಟ್ಟ ಮಾಡೂ ಹಕ್ಕು ನನಗೆಲ್ಲೈತಿ? ಸಿಟ್ಟಂತೂ ಬಂತು, ಕಣ್ಣಾಗ ನೀರೂ ಬಂತು. ಅವರು ಇಬ್ಬರು, ನಾ ಒಬ್ಬಾಕಿ. ಮೂರೂ ಸಹಿ ಬೀಳಲಿಲ್ಲಂದ್ರ ಈ ಕಡಿಂದ ಯಾರ ಹೆಸರೂ ಹೋಗಂಗಿಲ್ಲ ಅಂದ್ರು. ಬೈಲಹೊಂಗಲದ ಹುಡುಗಿ ಕೆಟ್ಟ ಆಡತಾಳ ಅಂದ್ರ ನನ್ನ ಬಾಯಾಗ ಹುಳ ಬೀಳತಾವ, ಆಕಿನೂ ಚಲೋ ಆಡಾಕಿನ. ಸಹಿ ಮಾಡಿದ್ನಿ.

ಬ್ಯಾರೆಯವರ ಬಾಯಿಂದ ಗೊತ್ತಾಗೂದು ಬ್ಯಾಡ ಅಂತ ರಾಮದುರ್ಗಕ್ಕ ನಾನ ಹೋದ್ನಿ. ಕಾಲೇಜ ಗ್ರೌಂಡಿನ್ಯಾಗ ಮೊಣಕಾಲಿಗೆ ಪಟ್ಟಿ ಸುತಗೋತ ಕುಂತಿದ್ಲು.

“ನಿನ್ನ ಹೆಸರ ಹೋಗಲಿಲ್ಲವ್ವಾ. ಸವದತ್ತಿ ಹಾಳಿ ತಪ್ಪ ಬರದಾಕಿ ನಾನ. ಆದ್ರ ನಿನ್ನ ಸಲುವಾಗಿ ಜಗಳಾ ಮಾಡೇನಿ, ದೇವರಾಣಿ.”

ಆಕಿ ಸುತ್ತೋದು ಬಿಟ್ಟು ನನ್ನ ಮಾರಿ ನೋಡಿದ್ಲು.

“ಕಳಿಸಿದ ಕಾಗದದ ಮ್ಯಾಲೆ ನಿಮ್ಮ ಸಹೀನೂ ಐತೇನ್ರಿ ಅಕ್ಕಾರ?”

“ಐತಿ.”

“ಹಂಗಾರ ಜಗಳಾ ಯಾವಾಗ ಮಾಡಿದ್ರಿ?”

ಸುತ್ತಿದ ಪಟ್ಟಿ ಬಿಚ್ಚಿ ಮಡಚಾಕ ಹತ್ತಿದ್ಲು. ಬರೂ ಐತಾರ ಗಂಡಿನವರು ಆಕಿನ್ನ ನೋಡಾಕ ಬರೋರಿದ್ರು.