ಈಥರ್ ಬಾಟಲಿಯ ಬಿಳಿ ಹರಳು

ಕಳೆದ ಭಾನುವಾರ ವಾಡಿಯಲ್ಲಿ ಮೆಹಬೂಬ್ ಭಾಯಿಯ ಮನೆಗೆ ಹೋಗಿದ್ದೆ. ಚಹಾದ ಕಪ್ಪು ಮುಂದೆ ಚಾಚಿ, 'ಮಾಫ್ ಮಾಡ್ರಿ ಮೇಡಂ, ಎಡಗೈಲೆ ಕೊಡಾಕತ್ತೀನಿ' ಅಂದರು. ಅವರ ಬಲಗೈಯಲ್ಲಿ ಉಳಿದಿರುವುದು ಹೆಬ್ಬೆರಳು, ಕಿರುಬೆರಳು ಮಾತ್ರ. ಮಾಫಿ ಕೇಳಬೇಕಾದವಳು ನಾನು.

ಅವರು ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಆಗಿದ್ದವರು. ನಾನು ಅಲ್ಲಿ ಪಾಠ ಮಾಡುತ್ತೇನೆ. ದಸರಾ ಬಂತೆಂದರೆ ಲ್ಯಾಬಿನಲ್ಲೂ ಆಯುಧಪೂಜೆ. ಬ್ಯುರೆಟ್ಟಿಗೂ ಕುಂಕುಮ, ತಕ್ಕಡಿಗೂ ಹೂವು! ಅದಕ್ಕೂ ಮೊದಲು ಮೆಹಬೂಬ್ ಭಾಯಿ ಕಪಾಟಿನ ಒಂದೊಂದೇ ಬಾಟಲಿ ಇಳಿಸಿ, ಒದ್ದೆ ಬಟ್ಟೆಯಿಂದ ಲಕಲಕ ಹೊಳೆಯುವಂತೆ ಒರೆಸುತ್ತಿದ್ದರು. ಒರೆಸಿ ಒರೆಸಿ ಲೇಬಲ್ ಮೇಲಿನ ತಾರೀಖೇ ಅಳಿಸಿಹೋಗಿತ್ತು. ನಾವೂ ಶಭಾಷ್ ಅಂದವರೇ. (ಸಿಮೆಂಟ್ ಧೂಳಿನ ಊರಲ್ಲಿ ಮಿಂಚುವ ಕಪಾಟು ಯಾರಿಗೆ ಬೇಡ?)

ಹೋದ ದಸರಾದಲ್ಲಿ ಹಳೆಯ ಈಥರ್ ಬಾಟಲಿಯೊಂದರ ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿತ್ತು. ಕೊಳೆ ಅಂದುಕೊಂಡರು, ಪಾಪ. ಒರೆಸಲೆಂದು ಮುಚ್ಚಳ ತಿರುವಿದರು. ಢಂ!

ಈಥರಿಗೆ ಗಾಳಿ ತಾಗಿ ಹಳತಾದರೆ ಪೆರಾಕ್ಸೈಡ್ ಹುಟ್ಟುತ್ತದೆ. ಅದು ಸಿಡಿಮದ್ದೇ. ಬಾಟಲಿ ತೆರೆದ ತಾರೀಖನ್ನು ಅದರ ಮೇಲೆ ಬರೆದಿಡಬೇಕು, ಆಗಾಗ ಟೆಸ್ಟ್ ಪಟ್ಟಿ ಅದ್ದಿ ನೋಡಬೇಕು, ಅವಧಿ ಮುಗಿದರೆ ಸಿಂಕಿಗೆ ಸುರಿಯದೆ ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಒಪ್ಪಿಸಬೇಕು. ಹರಳು ಕಂಡರೆ? ಟೆಸ್ಟೂ ಬೇಡ, ಮುಟ್ಟುವುದೂ ಬೇಡ. ಎಲ್ಲರನ್ನೂ ಹೊರಗೆ ಕಳಿಸಿ, ಬೀಗ ಹಾಕಿ, ತಜ್ಞರನ್ನು ಕರೆಯಬೇಕು.

ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪ್ರತಿ ವರ್ಷ ಇಂಗ್ಲಿಷಿನಲ್ಲಿ ವಿದ್ಯಾರ್ಥಿಗಳಿಗೆ ನೋಟ್ಸ್ ಬರೆಸಿದ್ದೇನೆ. ಬಾಟಲಿಗಳನ್ನು ದಿನಾ ಮುಟ್ಟುವ, ಇಂಗ್ಲಿಷ್ ಬಾರದ ಮೆಹಬೂಬ್ ಭಾಯಿ ಬಾಗಿಲ ಬಳಿ ನಿಂತಿರುತ್ತಿದ್ದರು.

'ನಂದೇ ಗಲತಿರಿ ಮೇಡಂ' ಅಂದರು ಮೆಹಬೂಬ್ ಭಾಯಿ. 'ಹೊಲಸು ಕಂಡ್ರ ನನ್ನ ಕೈ ಸುಮ್ ಇರಂಗಿಲ್ಲ ನೋಡ್ರಿ.'

ನಿಮ್ಮ ತಪ್ಪಲ್ಲ ಭಾಯಿ ಅನ್ನಲು ಹೋದೆ. ಅಳುವೇ ಬಂತು. ಕೊನೆಗೆ ಅವರೇ ಮಾತು ತಿರುಗಿಸಿದರು.

'ನನ್ನ ಜಾಗಕ್ಕ ಬಂದಾಕಿಗಿ ಎಲ್ಲಾ ತಿಳಿಸಿ ಹೇಳೀರಿಲ್ರಿ? ಭಾಳ ಜ್ವಾಪಾನ ಇರ್ಲಿಕ್ಕೆ ಹೇಳ್ರಿ.'

'ಹೇಳೀನಿ ಭಾಯಿ' ಅಂದೆ.

ಸುಳ್ಳಲ್ಲ. ಆಕೆಯನ್ನು ಕೂರಿಸಿಕೊಂಡು, ಕನ್ನಡದಲ್ಲೇ, ಎಲ್ಲವನ್ನೂ ಹೇಳಿದ್ದೇನೆ. ಹತ್ತು ನಿಮಿಷ ಹಿಡಿಯಿತು.

ಹದಿನೆಂಟು ವರ್ಷ ಜೊತೆಗಿದ್ದವರಿಗೆ ಆ ಹತ್ತು ನಿಮಿಷ ನಾನೇಕೆ ಕೊಡಲಿಲ್ಲ?