ಹೊಂಗೆಮರದ ಆ ಕಡೆ

ಅಕ್ಕ ಐವತ್ತು ದಾಟಿದ ಮೇಲೆ ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ಅಲ್ಲಿಯವರೆಗೆ ಬೆಂಗಳೂರಿನ ಸಾರಕ್ಕಿಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು; ನಾನೂ ಮದುವೆಯಾಗಿರಲಿಲ್ಲ. ಅವಳ ಮದುವೆ ನನಗೆ ನಿಜಕ್ಕೂ ಖುಷಿ ಕೊಟ್ಟಿತ್ತು. ಆದರೆ ಭಾನುವಾರಗಳನ್ನು ಏನು ಮಾಡುವುದೆಂದು ತಿಳಿಯುತ್ತಿರಲಿಲ್ಲ.

ಜೆ.ಪಿ. ನಗರದ ಪುಟ್ಟ ಕಾಡಿನಂಥ ಪಾರ್ಕಿಗೆ ಹೋಗಲು ಶುರುಮಾಡಿದ್ದು ಹಾಗೆ. ಮಳೆಗಾಲದ ಒಂದು ಬೆಳಿಗ್ಗೆ ಹೊಂಗೆಮರದ ಕಾಂಡದ ಮೇಲೆ ಉದ್ದ ಕತ್ತಿನ ಕಪ್ಪು ಹುಳುವೊಂದು ಓಡುತ್ತಿತ್ತು. ದೊಡ್ಡ ಇರುವೆ ಅಂದುಕೊಂಡೆ. ಬಗ್ಗಿ ನೋಡಿದರೆ ಆಚೆ ಬದಿಗೆ ಸರಿಯಿತು. ನಾನು ಮರ ಸುತ್ತಿದೆ, ಅದೂ ಸುತ್ತಿತು.

ಕ್ಯಾಮೆರಾ ಹಿಡಿದು ಬಂದ ಹಿರಿಯರೊಬ್ಬರು ನಕ್ಕರು. "ಇರುವೆ ಅಲ್ಲ ಮೇಡಂ, ಟೈಗರ್ ಬೀಟಲ್ ಅನ್ನೋ ಜೀರುಂಡೆ ಜಾತಿ. ಮರದ ಮೇಲೇ ಬೇಟೆ ಆಡುತ್ತೆ, ಹಾರೋಕೆ ಬರಲ್ಲ. ನೀವು ಆ ಕಡೆ ನಿಂತ್ಕೊಳ್ಳಿ, ನನ್ ಕಡೆ ಬರುತ್ತೆ."

ನಿಂತೆ. "ಬಂತು, ಬಂತು! ಅಲ್ಲೇ ಇರಿ" ಎಂದು ಪಿಸುಗುಟ್ಟಿದರು. ನನಗೆ ತೊಗಟೆ ಮಾತ್ರ ಕಾಣುತ್ತಿತ್ತು. ಆಮೇಲೆ ಫೋಟೋ ತೋರಿಸಿದರು: ಉಬ್ಬಿದ ಕಣ್ಣು, ಕತ್ತರಿಯಂಥ ದವಡೆ, ಕೆಂಪು ಕಾಲು. ಥ್ಯಾಂಕ್ಸ್ ಹೇಳಿ ಹೋದರು. ಮತ್ತೆಂದೂ ಸಿಗಲಿಲ್ಲ.

ಮನೆಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿದೆ. ಅವಳ ಹಿಂದೆ ಮನೆತುಂಬ ಜನರ ಮಾತು. "ಹುಳಾನಾ? ಆಮೇಲೆ ಮಾಡ್ತೀನಿ ಕಣೇ" ಎಂದು ಇಟ್ಟಳು. ಮಾಡಲಿಲ್ಲ.

ಮುಂದಿನ ತಿಂಗಳು ಯಾರದೋ ಗೃಹಪ್ರವೇಶಕ್ಕೆಂದು ಬಂದ ಅಕ್ಕ ಒಂದು ರಾತ್ರಿ ನನ್ನ ಜೊತೆ ಉಳಿದಳು. ಬೆಳಿಗ್ಗೆಯೇ ಪಾರ್ಕಿಗೆ ಎಳೆದುಕೊಂಡು ಹೋದೆ. ಹುಳು ಅದೇ ಮರದಲ್ಲಿತ್ತು.

"ನೀನು ಆ ಕಡೆ ನಿಲ್ಲು" ಎಂದೆ. ಗೊಣಗುತ್ತಲೇ ನಿಂತಳು. ನಾನು ಉಸಿರು ಬಿಗಿಹಿಡಿದು ಕಾದೆ. ಹುಳು ನನ್ನ ಮುಖದೆದುರಿಗೇ ಬಂದು ನಿಂತಿತು.

"ಕಾಣಿಸ್ತಾ?" ಮರದಾಚೆಯಿಂದ ಕೇಳಿದಳು.

"ಹೂಂ. ಅಲ್ಲಾಡಬೇಡ."

ಅಲ್ಲಿಂದಲೇ ಹೇಳಿದಳು: "ನಿನ್ ಮನೆ ತುಂಬಾ ಕ್ಲೀನಾಗಿದೆ ಕಣೇ. ಯಾರೂ ಬರಲ್ವಾ?"

‘ನಮ್ಮ ಮನೆ’ ಅನ್ನಲಿಲ್ಲ. ನಾನು ಹುಳುವನ್ನೇ ನೋಡುತ್ತಿದ್ದೆ. ಅಕ್ಕ ಈ ಕಡೆಗೆ ಬಂದು ನನ್ನ ಮುಖ ನೋಡಿದಳು, ಕೈ ಹಿಡಿದುಕೊಂಡಳು. ಹುಳು ಸರಸರನೆ ಮೇಲಕ್ಕೇರಿ ಎಲೆಗಳಲ್ಲಿ ಮರೆಯಾಯಿತು. ಅವಳು ಅದನ್ನು ನೋಡಲೇ ಇಲ್ಲ.

ಸಂಜೆಯ ರೈಲಿಗೆ ಹೊರಟಳು. ಈಗ ಕೆಲವು ಭಾನುವಾರ ಫೋನ್ ಮಾಡುತ್ತಾಳೆ. ಮಾಡದ ದಿನ ನಾನೂ ಮಾಡುವುದಿಲ್ಲ; ಪಾರ್ಕಿಗೆ ಹೋಗುತ್ತೇನೆ.